ಕೆಂಪು ಗುಂಡಿಯ ಚಾವಿ

ಮಾರ್ತಾಂಡ ಸಾಹೇಬರಿಗೆ ಸುಧಾರಣೆಯ ಹುಚ್ಚು ಹತ್ತಿದ್ದು ಪುಣೆಯಲ್ಲಿ. ಬೆಳಗಾವಿಯ ಹತ್ತಿರ ಮಚ್ಛೆಯ ಒಂದು ಕಾರ್ಖಾನೆಗೆ ಅವರೇ ಮುಖ್ಯಸ್ಥರು. ಮಾಲಕರು ಅವರನ್ನು ಯಾವುದೋ ಶಿಬಿರಕ್ಕೆ ಕಳಿಸಿದ್ದರು. ಹೋಗುವಾಗ ನಮ್ಮ ನಿಮ್ಮಂಥ ಮನುಷ್ಯ, ಬರುವಾಗ ಜಪಾನಿನ ಅಳಿಯ. ಎರಡು ವಿಷಯ ಕಲಿತು ಬಂದಿದ್ದರು. ಒಂದು ಕೈಜೆನ್, ಅಂದರೆ ದಿನಾ ಚೂರು ಚೂರು ಸುಧಾರಿಸುತ್ತ ಹೋಗುವುದು. ಇನ್ನೊಂದು, ಏನೇ ಎಡವಟ್ಟಾದರೂ ಐದು ಸಲ 'ಯಾಕೆ' ಎಂದು ಕೇಳುತ್ತ ಹೋದರೆ ಅದರ ಬೇರು ಕೈಗೆ ಸಿಗುತ್ತದೆ ಎಂಬುದು. ರಾಮತೀರ್ಥ ನಗರದ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ಹೆಂಡತಿ ಕುಂದಾ ಅವರನ್ನು ಎದುರು ಕೂಡ್ರಿಸಿಕೊಂಡು ಯಾಕೆ, ಯಾಕೆ ಎನ್ನತೊಡಗಿದರು. ಆಕೆ ಮೂರನೆಯ ಯಾಕೆಗೇ ಸಕ್ಕರೆ ಡಬ್ಬಿಯನ್ನು ಅವರ ಮುಂದೆ ಕುಕ್ಕಿ ಒಳಗೆ ಹೋದರು. ಕಾರ್ಖಾನೆಯಲ್ಲಿ ಹಾಗೆ ಎದ್ದು ಹೋಗುವ ಸವಲತ್ತು ಯಾರಿಗೂ ಇರಲಿಲ್ಲ.

ಅಲ್ಲಿ ಬೆಳಗಿನ ಪಾಳಿ ಸುರುವಾಗುವ ಮೊದಲು ಎಲ್ಲರೂ ಸಾಲಾಗಿ ನಿಂತು, ಕೈ ಮುಂದೆ ಚಾಚಿ, ಸುರಕ್ಷತೆಯ ಪ್ರತಿಜ್ಞೆ ಹೇಳಬೇಕು. ಸಾಹೇಬರು ಬಿಳಿ ಹೆಲ್ಮೆಟ್ಟು ಹಾಕಿಕೊಂಡು ಹೇಳಿಕೊಡುವರು. ಆ ಹೆಲ್ಮೆಟ್ಟಿಗೆ ಅವರ ಕಾರಿನಲ್ಲಿ ಬೇರೆ ಜಾಗವೇ ಇತ್ತು, ಹಿಂದಿನ ಗಾಜಿನ ಹತ್ತಿರ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ. ಮಶೀನುಗಳ ಸುತ್ತ ನೆಲಕ್ಕೆ ಹಳದಿ ಗೆರೆ ಬಳಿಸಿದರು. ಗೆರೆ ದಾಟುವವರು ಸಡಿಲ ಬಟ್ಟೆ ಹಾಕಬಾರದೆಂದು ಗೋಡೆಗೆ ಬರೆಸಿದರು. ಬರೆಸುತ್ತ ಬರೆಸುತ್ತ ಗೋಡೆಗಳೆಲ್ಲ ಬುದ್ಧಿ ಹೇಳತೊಡಗಿದವು. ಕೆಳಗೆ ಸೆಖೆಯಲ್ಲಿ ಬೇಯುತ್ತಿದ್ದ ಜನ ಮಾತ್ರ ಫ್ಯಾನು ಕೇಳಿದ್ದರು. ಫ್ಯಾನಿನ ಗಾಳಿಗೆ ಗೋಡೆಯ ಮೇಲಿನ ಸುರಕ್ಷತೆಯ ಚಿತ್ರಗಳು ಹಾರಿಹೋಗುತ್ತವೆ ಎಂದು ಸಾಹೇಬರು ಅದನ್ನು ಮುಂದಕ್ಕೆ ಹಾಕಿದ್ದರು.

ಆ ಕಾರ್ಖಾನೆಯಲ್ಲಿ ಉದ್ದುದ್ದನೆಯ ಉಕ್ಕಿನ ಶಾಫ್ಟುಗಳನ್ನು ಲೇಥಿಗೆ ಕಟ್ಟಿ, ಗರಗರ ತಿರುಗಿಸಿ, ನುಣ್ಣಗೆ ಮಾಡಿ ಪುಣೆಯ ದೊಡ್ಡ ಕಂಪನಿಯೊಂದಕ್ಕೆ ಕಳಿಸುತ್ತಿದ್ದರು. ಲೇಥುಗಳ ಸಾಲಿನ ನಡುವೆ ಒಂದು ಕಂಬ, ಕಂಬಕ್ಕೊಂದು ಕೆಂಪು ಗುಂಡಿ. ಅದನ್ನು ಒತ್ತಿದರೆ ಇಡೀ ಸಾಲು ಗಕ್ಕನೆ ನಿಲ್ಲುತ್ತದೆ. ಬೇಸಿಗೆಯ ಒಂದು ಮಧ್ಯಾಹ್ನ ಬಾಳೇಶ ಎಂಬ ಲೇಥಿನವನು ಬೆವರು ಒರೆಸಲೆಂದು ಕೊರಳಿಗೆ ಹಾಕಿಕೊಂಡಿದ್ದ ಟಾವೆಲಿನ ತುದಿ ತಿರುಗುವ ಶಾಫ್ಟಿಗೆ ಸಿಕ್ಕಿತು. ಬಾಜುವಿನ ಲೇಥಿನಲ್ಲಿದ್ದ ಕಲ್ಲಯ್ಯ ಅದನ್ನು ಕಂಡವನೇ ಒಂದೇ ಜಿಗಿತಕ್ಕೆ ಕಂಬ ಮುಟ್ಟಿ ಗುಂಡಿ ಗುದ್ದಿದ. ಬಾಳೇಶನ ಟಾವೆಲು ಹರಿಯಿತು, ಕೊರಳು ಉಳಿಯಿತು. ಆದರೆ ಎಲ್ಲ ಒಮ್ಮೆಗೇ ನಿಂತ ಹೊಡೆತಕ್ಕೆ ಬೇರೊಂದು ಲೇಥಿನ ಮೇಲೆ ಮುಗಿಯುತ್ತ ಬಂದಿದ್ದ ಶಾಫ್ಟಿಗೆ ಗೀರು ಬಿದ್ದು ಅದು ಕೆಟ್ಟುಹೋಯಿತು. ಪುಣೆಗೆ ಮಾಲು ತಡವಾಯಿತು.

ಮರುದಿನ ಸಾಹೇಬರು ಎಲ್ಲರನ್ನೂ ಕೂಡಿಸಿ ಯಾಕೆಯ ಪಂಚಾಯ್ತಿ ನಡೆಸಿದರು. ಮಾಲು ಯಾಕೆ ತಡವಾಯಿತು? ಶಾಫ್ಟು ಕೆಟ್ಟಿತು. ಯಾಕೆ ಕೆಟ್ಟಿತು? ಸಾಲು ನಿಂತಿತು. ಯಾಕೆ ನಿಂತಿತು? ಕಲ್ಲಯ್ಯ ಗುಂಡಿ ಒತ್ತಿದ. ಸಾಹೇಬರು ಅಲ್ಲಿಗೇ ನಿಲ್ಲಿಸಿ, ಬೇರು ಸಿಕ್ಕಿತು ಎಂದು ಘೋಷಿಸಿದರು. ಇನ್ನೂ ಎರಡು ಯಾಕೆ ಬಾಕಿ ಇದ್ದವು. ಯಾಕೆ ಒತ್ತಿದ ಎಂದು ಕೇಳಿದ್ದರೆ ಟಾವೆಲು ಬರುತ್ತಿತ್ತು, ಟಾವೆಲು ಯಾಕೆ ಎಂದು ಕೇಳಿದ್ದರೆ ಫ್ಯಾನು ಬರುತ್ತಿತ್ತು, ಫ್ಯಾನು ಬಂದರೆ ಅದರ ಹಿಂದೆಯೇ ಸಾಹೇಬರು ಬರುತ್ತಿದ್ದರು. ಹಾಗಾಗಿ ಮೂರಕ್ಕೇ ಸಾಕು ಮಾಡಿದ್ದು ಜಾಣತನವೇ ಅನ್ನಬೇಕು.

ಬೇರು ಸಿಕ್ಕ ಮೇಲೆ ಸುಧಾರಣೆ ಆಗಲೇಬೇಕಲ್ಲ? ಯಾರೆಂದರೆ ಅವರು ಗುಂಡಿ ಒತ್ತುವುದೇ ತಪ್ಪು ಎಂದು, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ಪೆಟ್ಟಿಗೆ ಕೂಡ್ರಿಸಿ ಕೀಲಿ ಜಡಿಸಿದರು. ಒಂದೇ ಚಾವಿ. ಅದು ಸಾಹೇಬರ ಪ್ಯಾಂಟಿನ ಜೇಬಿನಲ್ಲಿ. ಸಾಲು ನಿಲ್ಲಿಸಬೇಕೆಂದವರು ಅವರನ್ನು ಕೇಳಿ, ಅವರು ವಿಚಾರ ಮಾಡಿ, ಒಪ್ಪಿಗೆಯಾದರೆ ಚಾವಿ ಕೊಡುವುದು. ಈ ಪೆಟ್ಟಿಗೆಯೇ ವರ್ಷದ ಉತ್ತಮ ಸುಧಾರಣೆ ಎಂದು ತಾವೇ ಆರಿಸಿ, ತಾವೇ ತಮ್ಮ ಫೋಟೋ ಹಚ್ಚಿಸಿದರು.

ಕಲ್ಲಯ್ಯ ಸುಮ್ಮನಿರುವ ಪೈಕಿ ಅಲ್ಲ. ಮಠದ ಮನೆತನ, ಖಾನಾಪುರದವನು, ಮೀಸೆಯೂ ಜೋರು, ಮಾತೂ ಜೋರು. ನಾಳೆ ಯಾರದರ ಕೈ ಹೋದರ ನಿಮ್ಮ ಜೇಬು ತಡವಕೋಂತ ಕುಂದರ್ಬೇಕೇನು ಎಂದು ಎಲ್ಲರ ಮುಂದೆ ಕೇಳಿಬಿಟ್ಟ. ಸಾಹೇಬರ ಮುಖ ಬೀಟರೂಟಾಯಿತು. ಬೆಳಗಿನ ಪ್ರತಿಜ್ಞೆಯ ಹೊತ್ತಿಗೆ ಎಲ್ಲರೆದುರು ತಪ್ಪಾಯಿತೆಂದು ಹೇಳುವವರೆಗೆ ಗೇಟಿನೊಳಗೆ ಕಾಲಿಡಬೇಡ ಎಂದು ಅವನನ್ನು ಮನೆಗೆ ಕಳಿಸಿದರು. ಅವನು ಹೇಳಲಿಲ್ಲ. ಖಾನಾಪುರದ ಬಸ್ಸು ಹತ್ತಿ ಹೋದವನು ಮತ್ತೆ ಬರಲಿಲ್ಲ. ಉಳಿದವರು ಇದನ್ನು ನೋಡಿ ಪಾಠ ಕಲಿತರು. ಏನು ಕಂಡರೂ ಮೊದಲು ಸಾಹೇಬರ ಮುಖ ನೋಡಬೇಕು ಎಂಬುದು ಆ ಪಾಠ.

ಇಷ್ಟಕ್ಕೇ ಮುಗಿದಿದ್ದರೆ ಕಥೆ ಇರುತ್ತಿರಲಿಲ್ಲ. ಮಾಲು ತಡವಾದ ಬಗ್ಗೆ ಪುಣೆಯ ಕಂಪನಿಯಿಂದ ಮುಗ್ಧಾ ಎಂಬ ಅಧಿಕಾರಿ ಫೋನು ಮಾಡಿದಳು. ಸಾಹೇಬರು ತಪ್ಪನ್ನು ಪೂರ್ತಿ ಕಲ್ಲಯ್ಯನ ತಲೆಗೆ ಕಟ್ಟುವ ಉಮೇದಿನಲ್ಲಿ, ಬಾಜುವಿನವನ ಟಾವೆಲು ಸಿಕ್ಕಿತೆಂದು ಒಬ್ಬ ಕೆಲಸಗಾರ ಯಾರನ್ನೂ ಕೇಳದೆ ಇಡೀ ಸಾಲು ನಿಲ್ಲಿಸಿಬಿಟ್ಟ ಎಂದು ರಾಗವಾಗಿ ಹೇಳಿದರು. ಆ ಕಡೆಯಿಂದ ಬೈಗುಳ ಬರಬಹುದೆಂದು ಕಾದರೆ ಬಂದದ್ದು ಅಭಿನಂದನೆ. ಹೇಳದೆ ಕೇಳದೆ ಸಾಲು ನಿಲ್ಲಿಸುವ ಧೈರ್ಯ ಕೆಲಸಗಾರನಿಗೆ ಇದೆಯೆಂದರೆ ಅದು ಮೇಲಿನವರು ಕೊಟ್ಟ ಧೈರ್ಯ, ನಿಮ್ಮಂಥ ಮುಖ್ಯಸ್ಥರು ಎಲ್ಲಿ ಸಿಗುತ್ತಾರೆ ಎಂದಳು. ಮುಂದಿನ ದೊಡ್ಡ ಆರ್ಡರು ಯಾರಿಗೆ ಕೊಡಬೇಕೆಂದು ನೋಡಲು ತಾನೇ ಬೆಳಗಾವಿಗೆ ಬರುತ್ತೇನೆ, ಆ ಮನುಷ್ಯನಿಗೆ ನನ್ನ ಕೈಯಿಂದಲೇ ಸನ್ಮಾನ ಆಗಬೇಕು ಎಂದಳು. ಸಾಹೇಬರು ಆಗಲಿ, ಆಗಲಿ ಎನ್ನುತ್ತ ಇನ್ನೊಂದು ಕೈಯಿಂದ ಹಣೆ ಒರೆಸಿಕೊಂಡರು. ಆರ್ಡರು ಬಂದರೆ ಅವರು ಮಾಲಕರ ಬಲಗೈ, ಬರದಿದ್ದರೆ ಮನೆಯಲ್ಲಿ ಸಕ್ಕರೆ ಡಬ್ಬಿ.

ಹೊರಟರು ಖಾನಾಪುರಕ್ಕೆ. ಬಸ್ ಸ್ಟ್ಯಾಂಡಿನ ಹತ್ತಿರ ಕಲ್ಲಯ್ಯನ ಹೆಂಡತಿ ಬಾಳವ್ವ ಒಂದು ಸಣ್ಣ ಖಾನಾವಳಿ ನಡೆಸುತ್ತಿದ್ದಳು. ಕಲ್ಲಯ್ಯ ಅಲ್ಲಿ ರೊಟ್ಟಿಗೆ ಪಲ್ಯ ಬಡಿಸುತ್ತಿದ್ದ. ಸಾಹೇಬರನ್ನು ನೋಡಿ ಅವನು ಬರ್ರಿ, ಕುಂದರ್ರಿ ಎಂದನೇ ಹೊರತು ಯಾಕೆ ಬಂದಿರಿ ಎನ್ನಲಿಲ್ಲ. ಉಣ್ಣದೆ ಮಾತೇ ಇಲ್ಲ ಎಂದು ಬಾಳವ್ವ ತಾಟು ಇಟ್ಟಳು. ಎಣ್ಣೆಗಾಯಿಯ ಖಾರಕ್ಕೆ ಸಾಹೇಬರ ಕಣ್ಣಲ್ಲಿ ನೀರು ಬಂತು. ಪಶ್ಚಾತ್ತಾಪ ಎಂದು ಯಾರಾದರೂ ತಿಳಿದುಕೊಂಡರೆ ಒಳ್ಳೆಯದೇ ಆಯಿತೆಂದು ಒರೆಸಿಕೊಳ್ಳದೆ ಬಿಟ್ಟರು. ನಡುವೆ ಬಾಳವ್ವ ಮಜ್ಜಿಗೆ ಸುರಿಯುತ್ತ, ಜೀವ ಉಳಿಸಿದವಗ ನಿಮ್ಮ ಕಡೆ ಇಂಥಾ ಮರ್ಯಾದೀನ ಏನ್ರಿ ಎಂದು ಕೇಳಿದಳು. ಸಾಹೇಬರು ಮಜ್ಜಿಗೆ ಚಲೋ ಅದ ಎಂದರು.

ಉಂಡಾದ ಮೇಲೆ ವಿಷಯಕ್ಕೆ ಬಂದರು. ತಪ್ಪಾಯಿತು ಅನ್ನುವುದು ಬೇಡ, ಕೆಲಸ ಇದೆ, ಮೇಲೆ ಶಾಲು, ಫೇಟಾ, ಹಾರ, ಪುಣೆಯ ಮೇಡಂ ಕೈಯಿಂದ ಸನ್ಮಾನ ಎಂದರು. ಕಲ್ಲಯ್ಯ ಕೈ ತೊಳೆದು ಎದುರಿಗೆ ಕುಳಿತ.

"ಶಾಲು ನಮ್ಮ ಮನ್ಯಾಗ ರಗಡ ಅದಾವ್ರಿ. ಆ ಪೆಟಗಿ ತಗಸ್ತೀರೇನು, ಅದನ್ನ ಹೇಳ್ರಿ."

"ತಗಸ್ತೀನೋ ಮಾರಾಯಾ."

"ಫಂಕ್ಷನ್ ಮುಗದ ಮ್ಯಾಲಲ್ಲ. ನಾ ಗೇಟಿನ್ಯಾಗ ಕಾಲಿಡೂದ್ರೊಳಗ."

"ದೇವರಾಣಿ ತಗಸ್ತೀನಿ," ಎಂದರು ಸಾಹೇಬರು, ರೊಟ್ಟಿ ಉಂಡ ತಾಟಿನ ಮುಂದೆಯೇ.

ವಾಪಸು ಬರುವ ದಾರಿಯುದ್ದಕ್ಕೂ ಅವರಿಗೆ ಹಗುರವೆನಿಸಿತು. ಮಚ್ಛೆ ಹತ್ತಿರ ಬಂದಂತೆ ಮಾತ್ರ ಮನಸ್ಸು ಲೆಕ್ಕ ಹಾಕತೊಡಗಿತು. ಪೆಟ್ಟಿಗೆ ತೆಗೆದರೆ ಕಂಬಕ್ಕೆ ಕೊರೆದ ತೂತುಗಳು ಕಾಣುತ್ತವೆ. ಪಕ್ಕದಲ್ಲಿ ಉತ್ತಮ ಸುಧಾರಣೆಯೆಂದು ತಮ್ಮದೇ ಫೋಟೋ ಇದೆ. ಮಾಡಿದ್ದನ್ನು ತಾನೇ ತೆಗೆದರೆ ಜನ ನಾಳೆ ಯಾವುದಕ್ಕೆ ಹೆದರುತ್ತಾರೆ? ಸನ್ಮಾನ ಮುಗಿಯಲಿ, ಮುಗ್ಧಾ ಹೋಗಲಿ, ಆಮೇಲೆ ಸಾವಕಾಶ ತೆಗೆಸೋಣ ಎಂದುಕೊಂಡರು. ಹೇಗೂ ಫಂಕ್ಷನ್ನಿಗೆ ಚೆಂಡುಹೂವಿನ ಹಾರ ಬಂದಿದ್ದವು. ಫೋಟೋ ಇಳಿಸಿ, ಪೆಟ್ಟಿಗೆ ಕಾಣದ ಹಾಗೆ ಕಂಬಕ್ಕೆ ದಪ್ಪನೆಯ ಹಾರ ಸುತ್ತಿಸಿಬಿಟ್ಟರು. ದೇವರ ಹೆಸರಿನಲ್ಲಿ ಹೇಳಿದ ಸುಳ್ಳಿಗೆ ಹೂವಾದರೂ ಏರಿತು.

ಸನ್ಮಾನದ ದಿನ ಬೆಳಗಾವಿಯ ಪದ್ಧತಿಯಂತೆ ಎಲ್ಲರ ತಲೆಗೂ ಕೇಸರಿ ಫೇಟಾ. ಕಟ್ಟಲು ಪೇಟೆಯಿಂದ ಒಬ್ಬನನ್ನು ಕರೆಸಿದ್ದರು. ಅವನು ತಲೆ ಬಿಗಿಯುವ ಹಾಗೆ ಸುತ್ತಿ, ಬಟ್ಟೆಯ ತುದಿಯನ್ನು ಹಿಂದೆ ಸೊಂಟದವರೆಗೆ ಚುಂಗಾಗಿ ಇಳಿಬಿಡುತ್ತಿದ್ದ. ಸಾಹೇಬರು ತಮ್ಮ ಚುಂಗು ಎಲ್ಲರಿಗಿಂತ ಉದ್ದ ಇರಲಿ ಎಂದು ಹೇಳಿ ಬಿಡಿಸಿಕೊಂಡರು. ಸಭಾಂಗಣದಲ್ಲಿ ಮುಗ್ಧಾ ಕಲ್ಲಯ್ಯನಿಗೆ ಶಾಲು ಹೊದಿಸಿ, ಹಾರ ಹಾಕಿ, ನೆನಪಿಗೆಂದು ಹಿತ್ತಾಳೆಯ ನಂದಿ ಬಸವಣ್ಣನ ಮೂರ್ತಿ ಕೊಟ್ಟಳು. ಒಳ್ಳೆಯ ತೂಕದ ಮೂರ್ತಿ, ಎರಡೂ ಕೈಯಲ್ಲಿ ಹಿಡಿಯಬೇಕು. ಆಮೇಲೆ ಸಾಹೇಬರು ಮೈಕು ಹಿಡಿದು, ಸುರಕ್ಷತೆ ಎಂಬುದು ಕೆಳಗಿನಿಂದ ಬರುವುದಲ್ಲ, ಮೇಲಿನವರು ಮಾಡಿ ತೋರಿಸಬೇಕು ಎಂದು ಬಹಳ ಹೊತ್ತು ಮಾತಾಡಿದರು. ಮುಗ್ಧಾ ಒಪ್ಪಿ ತಲೆಯಾಡಿಸಿದಳು. ಮಾತು ಖರೇ ಚಲೋ ಇತ್ತು, ಪುಣೆಯ ಶಿಬಿರದಲ್ಲಿ ಕೇಳಿದ್ದೇ ಅದು.

ಮುಗ್ಧಾ ಮಾಲಕರ ಜೊತೆ ಚಹಾಕ್ಕೆ ಕುಳಿತಾಗ ಸಾಹೇಬರಿಗೆ ಇನ್ನೊಂದು ಆಸೆ ಹುಟ್ಟಿತು. ಪೇಪರಿನಲ್ಲಿ ಹಾಕಿಸಲು ಮಶೀನಿನ ಮುಂದೆ ಒಂದು ಫೋಟೋ. ಕಲ್ಲಯ್ಯನನ್ನೂ ಕರೆದುಕೊಂಡು ಒಳಗೆ ಹೋದರು. ಬಾಗಿಲಲ್ಲೇ ಕಲ್ಲಯ್ಯ ಫೇಟಾ ತೆಗೆದು, ಶಾಲು, ಹಾರ ಎಲ್ಲವನ್ನೂ ಮಡಚಿ ಬಾಜುವಿನ ಸ್ಟೂಲಿನ ಮೇಲಿಟ್ಟು, ಮೂರ್ತಿಯನ್ನಷ್ಟೇ ಫೋಟೋಕ್ಕೆಂದು ಮತ್ತೆ ಕೈಗೆತ್ತಿಕೊಂಡ. ಇಷ್ಟು ಮಂದಿ ಮರ್ಯಾದೆ ಮಾಡಿದ್ದನ್ನು ಉಳಿಸಿಕೊಳ್ಳುವುದಕ್ಕೂ ಬರುವುದಿಲ್ಲವಲ್ಲ ಎಂದು ಸಾಹೇಬರಿಗೆ ಕನಿಕರ ಬಂತು. ಅವನು ಪೆಟ್ಟಿಗೆ ತೆಗೆಸಿದಿರಾ ಎಂದು ಕೇಳಿದ. ಸಾಹೇಬರು ಕಂಬದ ಕಡೆ ಕೈ ತೋರಿಸಿ, ನೋಡು, ಹೆಂಗ ಸಿಂಗಾರ ಮಾಡಿಸೀನಿ ಎಂದರು. ಕಲ್ಲಯ್ಯ ಹೂವು ನೋಡಿ ನಂಬಿದ.

ಫೋಟೋದ ಹಿಂದುಗಡೆ ಚಂದ ಕಾಣಲೆಂದು ಬಾಳೇಶನ ಲೇಥಿಗೆ 'ಸುರಕ್ಷತೆಯೇ ನಮ್ಮ ಉಸಿರು' ಎಂಬ ಬ್ಯಾನರು ಕಟ್ಟಿದ್ದರು. ಆ ಲೇಥಿನ ಸ್ವಂತ ಸ್ವಿಚ್ಚು ಬ್ಯಾನರಿನ ಹಿಂದೆ ಮುಚ್ಚಿಹೋಗಿತ್ತು. ಮಶೀನು ನಿಲ್ಲಿಸಲೇ ಎಂದು ಬಾಳೇಶ ಮೆಲ್ಲಗೆ ಕೇಳಿದ. ನಿಂತ ಮಶೀನು ಫೋಟೋದಲ್ಲಿ ಸತ್ತಂತೆ ಕಾಣುತ್ತದೆ, ತಿರುಗಲಿ ಬಿಡು ಎಂದರು ಸಾಹೇಬರು. ಅವನು ಹಳದಿ ಗೆರೆಯ ಆಚೆ ಹೋಗಿ ಕೈಕಟ್ಟಿ ನಿಂತ. ಫೋಟೋದವನು ಸ್ವಲ್ಪ ಹಿಂದೆ ಸರೀರಿ ಎಂದ. ಸಾಹೇಬರು ತಾವೇ ಬಳಿಸಿದ ಗೆರೆಯನ್ನು ಬೆನ್ನು ಮುಂದಾಗಿ ದಾಟಿದರು. ಇನ್ನೊಂಚೂರು ಎಂದ. ಇನ್ನೊಂಚೂರು ಸರಿದರು.

ಮೊದಲು ಯಾರೋ ಹಿಂದಿನಿಂದ ಚೇಷ್ಟೆಗೆ ಫೇಟಾ ಎಳೆದರು ಅನಿಸಿತು. ಬೈಯಲು ಬಾಯಿ ತೆರೆಯುವುದರೊಳಗೆ ಚುಂಗು ಶಾಫ್ಟಿಗೆ ಸುತ್ತಿಕೊಂಡು, ಫೇಟಾ ಕಣ್ಣಿನ ಮೇಲೆ, ಮೂಗಿನ ಮೇಲೆ ಜಾರಿ ಕೊರಳಿಗೆ ಬಿದ್ದು ಬಿಗಿಯಿತು. ಬೆನ್ನು ಬಿಲ್ಲಿನಂತೆ ಹಿಂದೆ ಬಾಗಿತು. ಎರಡೂ ಕೈಯಿಂದ ಲೇಥಿನ ಅಂಚನ್ನು ತಬ್ಬಿ ಹಿಡಿದರು. ಜೇಬಿನಲ್ಲಿ ಚಾವಿ ತೊಡೆಗೆ ಚುಚ್ಚುತ್ತಿತ್ತು, ಅಂಚು ಬಿಟ್ಟರೆ ತೆಗೆಯಬಹುದು, ಅಂಚು ಬಿಟ್ಟರೆ ಕೊರಳು ಹೋಗುತ್ತದೆ. ಎದುರಿಗೆ ಜನ ನಿಂತಿದ್ದರು. ಎಲ್ಲರ ಕಣ್ಣೂ ಅವರ ಮುಖದ ಮೇಲೆ. ಬಾಳೇಶನ ಒಂದು ಕೈ ಅರ್ಧ ಎದ್ದು ಅಲ್ಲೇ ನಿಂತಿತ್ತು. ಯಾರೂ ಕೆಟ್ಟವರಲ್ಲ, ಯಾರೂ ನಗುತ್ತಿರಲಿಲ್ಲ. ಸಾಹೇಬರು ಏನು ಹೇಳುತ್ತಾರೋ ಎಂದು ಕಾಯುತ್ತಿದ್ದರು. ಸಾಯುವ ಹೆದರಿಕೆಗಿಂತ ದೊಡ್ಡ ಹೆದರಿಕೆ ಆಗ ಅವರಿಗೆ ಹುಟ್ಟಿತು, ಇವರೆಲ್ಲ ತಾನು ಕಲಿಸಿದ್ದನ್ನು ಚಾಚೂ ತಪ್ಪದೆ ಕಲಿತಿದ್ದಾರೆ ಎಂದು.

ಕಲ್ಲಯ್ಯ ಮೂರ್ತಿ ಹಿಡಿದುಕೊಂಡೇ ಕಂಬಕ್ಕೆ ಓಡಿದ್ದ. ಅದನ್ನು ಕಂಕುಳಿಗೆ ಒತ್ತಿಕೊಂಡು ಹಾರ ಕಿತ್ತು ಎಸೆದ. ಒಳಗೆ ಪೆಟ್ಟಿಗೆ, ಪೆಟ್ಟಿಗೆಗೆ ಕೀಲಿ. ಅವನು ಅದನ್ನು ನೋಡಿ, ತಿರುಗಿ ಸಾಹೇಬರನ್ನು ನೋಡಿದ.

"ಸಾಹೇಬ್ರ, ಒಡೀಲೇನ್ರಿ?"

ಸಾಹೇಬರು ಹ್ಞೂಂ ಎನ್ನಲು ನೋಡಿದರು. ಉಸಿರೇ ಇಲ್ಲದ ಗಂಟಲಲ್ಲಿ ಹ್ಞೂಂ ಎಲ್ಲಿಂದ ಬರಬೇಕು? ತಲೆಯಾಡಿಸಲು ನೋಡಿದರು, ತಲೆ ಅವರದಾಗಿ ಉಳಿದಿರಲಿಲ್ಲ. ಕಣ್ಣು ಕತ್ತಲಿಡುವಾಗ ಹಿತ್ತಾಳೆಯ ಬಸವಣ್ಣ ಎತ್ತರಕ್ಕೆ ಏರಿದ್ದು ಕಂಡಿತು. ಕೊಂಬು ಮುಂದಾಗಿ ಪೆಟ್ಟಿಗೆಗೆ ಬಡಿದ ಸದ್ದು ಕೇಳಿಸಿತು. ಮತ್ತೊಂದು ಸಲ ಬಡಿದ ಸದ್ದು. ಆಮೇಲೆ ಇಡೀ ಸಾಲು ನಿಂತಿತು.

ನೆಹರು ನಗರದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಕೊರಳಿಗೆ ದಪ್ಪನೆಯ ಪಟ್ಟಿ ಇತ್ತು. ಜೀವಕ್ಕೆ ಏನೂ ಆಗಿರಲಿಲ್ಲ, ಗಂಟಲೊಳಗೆ ಪೆಟ್ಟಾಗಿತ್ತು. ಮಾತು ಪೂರ್ತಿ ಬಂದ್ ಮಾಡಬೇಕು, ಮುಂದೆಯೂ ಮೊದಲಿನ ದನಿ ಬರುವುದು ಅನುಮಾನ ಎಂದರು ಡಾಕ್ಟರು. ಕಾರ್ಖಾನೆಯ ಸುದ್ದಿಯೆಲ್ಲ ಕುಂದಾ ಹೇಳಿದರು. ಸದ್ದು ಕೇಳಿ ಓಡಿಬಂದ ಮುಗ್ಧಾ ನೆಲದ ಮೇಲೆ ಬಿದ್ದಿದ್ದ ಪೆಟ್ಟಿಗೆಯ ಚೂರು, ಕೀಲಿ ಎಲ್ಲ ಎತ್ತಿ ನೋಡಿದಳಂತೆ. ಮಾಲಕರನ್ನು ಏನೇನೋ ಕೇಳಿದಳಂತೆ. ಆರ್ಡರಿನ ಮಾತು ಎತ್ತದೆ ಹೋದಳಂತೆ. ಸಾಹೇಬರು ಮಾತಿಲ್ಲದೆ ಮಲಗಿ ಒಂದೇ ವಿಷಯ ಯೋಚಿಸಿದರು. ಬಾಳೇಶನದು ಟಾವೆಲು, ತನ್ನದು ಫೇಟಾ. ಅದೇ ಲೇಥು, ಅದೇ ಕಂಬ, ಅದೇ ಕಲ್ಲಯ್ಯ. ಬಾಳೇಶ ಹರಿದ ಟಾವೆಲು ಕೊಡವಿ ಎದ್ದು ಬಂದ, ತನ್ನ ದನಿ ಹೋಯಿತು. ಪೆಟ್ಟಿಗೆ ಒಡೆಯಲು ಎರಡು ಏಟು ಬೇಕಾಯಿತು ನಿಜ. ಆದರೆ ಏಟಿಗೂ ಮೊದಲು ಕಲ್ಲಯ್ಯ ಒಂದು ಗಳಿಗೆ ನಿಂತಿದ್ದ. ಅದು ಅವರಿಗೆ ನೆನಪಿತ್ತು.

ಕಲ್ಲಯ್ಯ, ಬಾಳವ್ವ ಇಬ್ಬರೂ ನೋಡಲು ಬಂದರು. ಬಾಳವ್ವ ಅಂಬಲಿ ಮಾಡಿ ತಂದಿದ್ದಳು, ಗಂಟಲಿಗೆ ಇದು ಹಗುರ ಎಂದು ಕುಂದಾ ಕೈಗೆ ಕೊಟ್ಟಳು. ಕಲ್ಲಯ್ಯ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತ. ಡಾಕ್ಟರು ಮಾತು ಬೇಡವೆಂದಿದ್ದರೂ ಸಾಹೇಬರಿಗೆ ತಡೆಯಲಾಗಲಿಲ್ಲ. ಹಳೆಯ ಬಾಗಿಲು ಸರಿದಂಥ ದನಿಯಲ್ಲಿ ಎರಡೇ ಶಬ್ದ ಹೊರಗೆ ಬಂದವು.

"ಯಾಕ... ನಿಂತಿ?"

ಕಲ್ಲಯ್ಯ ಮಂಚದ ಕಡೆ ಬಾಗಿದ. ಜೋರು ಮಾತಿನ ಮನುಷ್ಯ ಈಗ ಮೆಲ್ಲಗೆ ಮಾತಾಡಿದ.

"ಬಾಳೇಶನ ಸಲ ನಾ ವಿಚಾರಾನ ಮಾಡಲಿಲ್ರಿ, ಕೈ ತಾನ ಹೋತು. ಅದಕ್ಕ ನೀವು ಮನಿಗೆ ಕಳಿಸಿದ್ರಿ. ಬಾಳವ್ವನ ಕೈಯಾಗ ರೊಟ್ಟಿ ತಿನಕೋಂತ ಕುಂತಾಗ ದಿನಾ ಅನ್ನಿಸ್ತಿತ್ತು, ಕೇಳಿ ಒತ್ತಿದ್ರ ಚಲೋ ಇತ್ತು ಅಂತ. ಈ ಸಲ ಕೀಲಿ ಕಂಡ ಕೂಡ್ಲೇ ಕೈ ನಿಂತಬಿಡ್ತು. ಕೇಳೂಣು ಅನ್ನಿಸ್ತ್ರಿ. ನಿಮ್ಮ ಕೊರಳಾಗ ಈಗ ಏನ್ ಐತೆಲ್ಲ, ಅದು ನಾ ಕೇಳಾಕ ನಿಂತ ಹೊತ್ತು."

ಬಾಳವ್ವ ಗಂಡನ ಹೆಗಲು ಮುಟ್ಟಿ, ಸಾಕು, ಏಳ್ರಿ ಎಂದಳು. ಕಲ್ಲಯ್ಯ ಏಳುವ ಮೊದಲು, ಬಾಳೇಶ ಆ ಕಂಬದ ಹತ್ತಿರ ಈಗ ಯಾರಿಗೂ ಏನೂ ಇಡಗೊಡುವುದಿಲ್ಲ, ಒಂದು ಹೂವು ಸಹಿತ, ಎಂದು ಹೇಳಿದ. ಫ್ಯಾನು ಮಾತ್ರ ಇನ್ನೂ ಬಂದಿಲ್ಲ ಎಂದೂ ಹೇಳಿದ.

ಅವರು ಹೋದರು. ಸಾಹೇಬರಿಗೆ ಬಾಕಿ ಇದ್ದದ್ದು ಇನ್ನೊಂದೇ ಯಾಕೆ. ಅವನ ಕೈ ಯಾಕೆ ನಿಂತಿತು ಎಂಬುದಕ್ಕೆ ಉತ್ತರ ಸಿಕ್ಕಾಗಿತ್ತು. ಅವನು ಹೆದರುವ ಹಾಗೆ ಮಾಡಿದ್ದು ಯಾಕೆ ಎಂದು ಕೇಳುವುದು ಉಳಿದಿತ್ತು, ಕೇಳಬೇಕಾದ್ದು ತಮ್ಮನ್ನೇ. ನಾಚಿಕೆಯಿಂದ ಅವರ ಕಿವಿ ಬಿಸಿಯಾದವು. ಕುಂದಾ ಅಂಬಲಿಯ ಬಟ್ಟಲು ಹಿಡಿದು ಹತ್ತಿರ ಬಂದು, ಏನೋ ಹೇಳಬೇಕೆಂದಿರುವ ಹಾಗಿದೆಯಲ್ಲ, ಏನು ಎಂದು ಕೇಳಿದರು. ಡಾಕ್ಟರು ಮಾತಾಡಬಾರದೆಂದಿದ್ದಾರೆ ಎಂದು ಸಾಹೇಬರು ಕೈಸನ್ನೆ ಮಾಡಿ ತೋರಿಸಿದರು. ಆಮೇಲೆ ಗೋಡೆಗೆ ತೂಗುಹಾಕಿದ್ದ ತಮ್ಮ ಪ್ಯಾಂಟಿನ ಜೇಬಿನಿಂದ ಆ ಒಡೆದ ಪೆಟ್ಟಿಗೆಯ ಚಾವಿ ತರಿಸಿಕೊಂಡು, ಅದನ್ನು ಮುಷ್ಟಿಯಲ್ಲಿ ಹಿಡಿದು, ಹೊದಿಕೆಯನ್ನು ಕೊರಳವರೆಗೆ ಎಳೆದುಕೊಂಡು ಮಲಗಿದರು.